ಲಂಡನ್ನಿನ ಲಸ್ಕರರು ಮತ್ತು ಹಿಂದೂಸ್ತಾನಿ ಕಲಿತ ಒಬ್ಬ ಮಿಷನರಿ

ಮಲ್ಪೆಯ ದಕ್ಕೆ ಕಡೆ ಒಮ್ಮೆಯಾದರೂ ಓಡಾಡಿದವರಿಗೆ 'ತಾಂಡೇಲ' ಅನ್ನುವ ಪದ ಗೊತ್ತಿರುತ್ತೆ. ಮೀನುಗಾರಿಕೆ ಬೋಟಿನ ಮುಖ್ಯಸ್ಥ ಅವನು. ಈ ಪದ ನಮ್ಮ ಕರಾವಳಿಗೆ ಮಾತ್ರ ಸೇರಿದ್ದಲ್ಲ. ಹಳೇ ಇಂಗ್ಲಿಷ್ ಹಡಗುಗಳ ಲೆಕ್ಕಪತ್ರಗಳಲ್ಲಿ ಇವನೇ 'ಟಿಂಡಾಲ್' ಆಗಿ ಸಿಗುತ್ತಾನೆ. ಅವನ ಮೇಲೆ ಸಾರಂಗ್, ಅಂದರೆ ಆಳುಗಳ ಮೇಸ್ತ್ರಿ. ಅಡುಗೆ ಮಾಡುವವನು ಭಂಡಾರಿ, ಗುಡಿಸಿ ತೊಳೆಯುವವನು ಟೋಪಾಸ್. ಇವರೆಲ್ಲರಿಗೂ ಸೇರಿಸಿ ಇಂಗ್ಲಿಷರು ಇಟ್ಟ ಹೆಸರು ಲಸ್ಕರ್. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಇದೆಯಲ್ಲ, ಅದೇ ಪದ. ಪರ್ಷಿಯನ್ನಿನಲ್ಲಿ ದಂಡು ಅಂತ ಅರ್ಥ. ಪೋರ್ಚುಗೀಸರ ಬಾಯಿಗೆ ಬಿದ್ದು ಹಡಗಿನ ಕೂಲಿ ಅಂತಾಯಿತು.

ಈ ಲಸ್ಕರರಲ್ಲಿ ಬಹುಪಾಲು ಮಂದಿ ಮುಸ್ಲಿಮರು. ಸಿಲ್ಹೆಟ್, ನೋವಾಖಾಲಿ, ಚಿತ್ತಗಾಂಗ್ ಕಡೆಯವರು, ರತ್ನಾಗಿರಿಯ ಕೊಂಕಣಿ ಮುಸ್ಲಿಮರು, ಆಮೇಲಾಮೇಲೆ ಪಂಜಾಬಿನವರು. ಬ್ರಿಟನ್ನಿಗೆ ಮುಸ್ಲಿಮರು ಹೋದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ ಅಂತ ನಮ್ಮಲ್ಲಿ ಅನೇಕರ ಎಣಿಕೆ. ಅದಕ್ಕೂ ನೂರು ವರ್ಷ ಮೊದಲೇ ಲಂಡನ್ನಿನ ಬಂದರು ಬೀದಿಗಳಲ್ಲಿ ಇವರಿದ್ದರು. ಅವರ ನಡುವೆ ಕೆಲಸ ಮಾಡಲೆಂದೇ ಸಂಬಳ ಕೊಟ್ಟು ನೇಮಿಸಿದ್ದ ಒಬ್ಬ ಕ್ರೈಸ್ತ ಪ್ರಚಾರಕನೂ ಇದ್ದ. ಅವನ ಹೆಸರು ಜೋಸೆಫ್ ಸಾಲ್ಟರ್. ಈ ಬರಹ ಅವನ ಬಗ್ಗೆ. ಅದಕ್ಕಿಂತ ಹೆಚ್ಚಾಗಿ ಅವನಿಗೆ ದುಡ್ಡು ಕೊಟ್ಟವರು ಕೇಳಿದ್ದೇನು, ಅವನ ಮುಂದೆ ಬಂದು ನಿಂತವರು ಕೇಳಿದ್ದೇನು ಅನ್ನೋದರ ಬಗ್ಗೆ. ಮತಾಂತರ ಅಂದ ಕೂಡಲೇ ನಮ್ಮಲ್ಲಿ ಎರಡು ಗುಂಪಾಗಿಬಿಡುತ್ತವೆ. ಸಾಲ್ಟರನ ಕಥೆ ಆ ಎರಡು ಗುಂಪಿಗೂ ಅಷ್ಟು ಸುಲಭಕ್ಕೆ ಒಗ್ಗೋದಿಲ್ಲ. ನನಗೆ ಇದು ಮುಖ್ಯ ಅನ್ನಿಸಿದ್ದು ಅದಕ್ಕೇ.

ಮೊದಲು ಲಸ್ಕರರು ಲಂಡನ್ನಿನಲ್ಲಿ ಸಿಕ್ಕಿಬೀಳುತ್ತಿದ್ದದ್ದು ಹೇಗೆ ಅಂತ ನೋಡೋಣ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಇಂಗ್ಲೆಂಡಿನಿಂದ ಹೊರಡುವಾಗ ಗೋರಾ ನಾವಿಕರೇ ತುಂಬಿರುತ್ತಿದ್ದರು. ಇಲ್ಲಿಗೆ ಬರುವಷ್ಟರಲ್ಲಿ ಕೆಲವರು ಕಾಯಿಲೆಯಿಂದ ಸಾಯುತ್ತಿದ್ದರು, ಕೆಲವರು ಓಡಿಹೋಗುತ್ತಿದ್ದರು, ಯುದ್ಧ ಇದ್ದಾಗ ಇನ್ನಷ್ಟು ಜನರನ್ನು ನೌಕಾಪಡೆ ಎಳೆದುಕೊಂಡು ಹೋಗುತ್ತಿತ್ತು. ವಾಪಸ್ ಹೋಗಲು ಆಳು ಬೇಕಲ್ಲ? ಕಲ್ಕತ್ತೆ, ಬೊಂಬಾಯಿಗಳಲ್ಲಿ ಸಾರಂಗನ ಮೂಲಕ ಲಸ್ಕರರನ್ನು ಹತ್ತಿಸಿಕೊಳ್ಳುತ್ತಿದ್ದರು. ಗೋರಾ ನಾವಿಕನಿಗೆ ಕೊಡುವ ಸಂಬಳದ ಒಂದು ಪಾಲು ಕೊಟ್ಟರೆ ಸಾಕಿತ್ತು. ಹಡಗು ಥೇಮ್ಸ್ ನದಿ ಮುಟ್ಟಿದ ಮೇಲೆ ಅವರ ಕೆಲಸ ಮುಗಿಯಿತು. ಮತ್ತೆ ಊರಿಗೆ ಹೋಗುವ ಹಡಗು ಸಿಗಬೇಕೆಂದರೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಕಾಯಬೇಕು.

ಕಾನೂನೂ ಅವರ ಪರ ಇರಲಿಲ್ಲ. ೧೬೬೦ರ ನೌಕಾಯಾನ ಕಾಯ್ದೆಯ ಪ್ರಕಾರ ಇಂಗ್ಲಿಷ್ ಹಡಗಿನ ಆಳುಗಳಲ್ಲಿ ಮುಕ್ಕಾಲು ಪಾಲು ಇಂಗ್ಲಿಷರೇ ಇರಬೇಕಿತ್ತು. ೧೮೨೩ರ ಇನ್ನೊಂದು ಕಾಯ್ದೆಯಂತೂ ಲಸ್ಕರರು ಬ್ರಿಟಿಷ್ ಆಳ್ವಿಕೆಗೆ ಸೇರಿದ ಊರುಗಳಲ್ಲೇ ಹುಟ್ಟಿದ್ದರೂ ಅವರು 'ಬ್ರಿಟಿಷ್ ನಾವಿಕರು' ಅಲ್ಲ ಅಂತ ಸಾರಿಬಿಟ್ಟಿತು. ಹೆಸರಿಗೆ ರಾಜನ ಪ್ರಜೆ, ಕೆಲಸದ ಹಕ್ಕಿನ ಮಾತು ಬಂದರೆ ಪರಕೀಯ. ೧೮೩೩ರಲ್ಲಿ ಕಂಪನಿಯ ವ್ಯಾಪಾರವೇ ನಿಂತಿತು. ಲಸ್ಕರರನ್ನು ನೋಡಿಕೊಳ್ಳುವ ಹೊಣೆ ಯಾರದು ಅನ್ನುವ ಪ್ರಶ್ನೆ ಆಗ ಇನ್ನಷ್ಟು ಗೋಜಲಾಯಿತು. ೧೮೪೯ರಲ್ಲಿ ಹಳೇ ನೌಕಾಯಾನ ಕಾಯ್ದೆಗಳನ್ನು ತೆಗೆದುಹಾಕಿದ ಮೇಲೆ ಇವರ ಸಂಖ್ಯೆ ಏರುತ್ತಾ ಹೋಯಿತು. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಹಾಯಿ ಹಡಗು ಹೋಗಿ ಉಗಿ ಹಡಗು ಬಂತು. ಬಾಯ್ಲರಿನ ಮುಂದೆ ನಿಂತು ಕಲ್ಲಿದ್ದಲು ಎತ್ತಿ ಹಾಕುವ ಕೆಲಸ ಇವರ ಪಾಲಿಗೆ ಬಂತು. ೧೯೧೪ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿಯುತ್ತಿದ್ದ ಲಸ್ಕರರು ೫೦ ಸಾವಿರಕ್ಕೂ ಹೆಚ್ಚು.

ಲಂಡನ್ನಿನಲ್ಲಿ ಕಾಯುವ ಆ ತಿಂಗಳುಗಳು ಇದ್ದಾವಲ್ಲ, ನರಕ ಅಲ್ಲಿರುತ್ತಿತ್ತು. ಶ್ಯಾಡ್‌ವೆಲ್, ವ್ಯಾಪಿಂಗ್, ಲೈಮ್‌ಹೌಸ್ ಕಡೆಯ ಕತ್ತಲೆ ಓಣಿಗಳ ವಸತಿಗೃಹಗಳಲ್ಲಿ ಹತ್ತಾರು ಜನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಮನೆ ಒಡೆಯ ಮೊದಲ ವಾರದಲ್ಲೇ ಅವರ ಸಂಬಳವನ್ನೆಲ್ಲ ಗುಳುಂ ಮಾಡಿ ಆಮೇಲೆ ಹೊರಗೆ ಹಾಕುತ್ತಿದ್ದ. ಮೈಮೇಲೆ ಹತ್ತಿ ಬಟ್ಟೆ, ಹೊರಗೆ ಜನವರಿಯ ಚಳಿ. ಹಸಿವು, ಚಳಿಗೆ ಸತ್ತವರು ಎಷ್ಟೋ ಮಂದಿ. ಉಳಿದವರು ಕೆಸರು ಬೀದಿ ದಾಟುವವರಿಗೆ ದಾರಿ ಗುಡಿಸಿ ಪುಡಿಗಾಸು ಗಿಟ್ಟಿಸುತ್ತಿದ್ದರು, ತಮಟೆ ಬಡಿದು ಹಾಡುತ್ತಿದ್ದರು. ಹೆನ್ರಿ ಮೇಹ್ಯೂ ಅನ್ನುವ ಪತ್ರಕರ್ತ ೧೮೫೧ರ ಸುಮಾರಿಗೆ ಲಂಡನ್ನಿನ ಬೀದಿ ಬದುಕಿನ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. ಬೀದಿಯಲ್ಲಿ ಕ್ರೈಸ್ತ ಧರ್ಮದ ಕಿರುಪುಸ್ತಿಕೆಗಳನ್ನು ಮಾರುವವರಲ್ಲಿ ಹೆಚ್ಚಿನವರು ಪೂರ್ವದೇಶದವರು, ಆಫ್ರಿಕದವರು ಅಂತ ಅದರಲ್ಲಿದೆ. ತಮ್ಮದಲ್ಲದ ಧರ್ಮದ ಪುಸ್ತಿಕೆಯನ್ನು ತಮಗೆ ಬಾರದ ಭಾಷೆಯಲ್ಲಿ ಹೊಟ್ಟೆಪಾಡಿಗೆ ಮಾರುವ ಕೆಲಸ! ವ್ಯಂಗ್ಯಕ್ಕೆ ಬೇರೆ ಉದಾಹರಣೆ ಬೇಕೇ?

ಇಂಥ ಹೊತ್ತಲ್ಲಿ ಕೆಲವು ಕ್ರೈಸ್ತ ಗಣ್ಯರು ಕೈ ಹಾಕಿದರು. ಅವರಲ್ಲಿ ಮುಖ್ಯ ಹೆಸರು ಹೆನ್ರಿ ವೆನ್ ಅವರದು. ಚರ್ಚ್ ಮಿಷನರಿ ಸೊಸೈಟಿಯ ಕಾರ್ಯದರ್ಶಿ. ಭಾರತಕ್ಕೆ, ಆಫ್ರಿಕಕ್ಕೆ ಮಿಷನರಿಗಳನ್ನು ಕಳಿಸುತ್ತಿದ್ದ ಸಂಸ್ಥೆ ಅದು. ಸಾವಿರಾರು ಮೈಲಿ ದೂರಕ್ಕೆ ಧರ್ಮಪ್ರಚಾರಕ್ಕೆ ಜನ ಕಳಿಸುತ್ತೇವೆ, ಆ ದೇಶದವರೇ ನಮ್ಮ ಮನೆ ಬಾಗಿಲಲ್ಲಿ ಚಳಿಗೆ ಸಾಯುತ್ತಿದ್ದಾರಲ್ಲ ಅನ್ನುವ ನಾಚಿಕೆ ಇದರ ಹಿಂದೆ ಇತ್ತು. ಹಣ ಎತ್ತಿದರು. ದೊಡ್ಡ ಮೊತ್ತ ಕೊಟ್ಟವರಲ್ಲಿ ಪಂಜಾಬಿನ ಕೊನೆಯ ಸಿಖ್ ಮಹಾರಾಜ ದುಲೀಪ್ ಸಿಂಗನೂ ಒಬ್ಬ, ೫೦೦ ಪೌಂಡ್. ೧೮೫೬ರ ಮೇ ೩೧ರಂದು ವಿಕ್ಟೋರಿಯಾ ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟ್ ಅಡಿಗಲ್ಲು ಹಾಕಿದ. ಮುಂದಿನ ವರ್ಷ ಜೂನ್ ೩ಕ್ಕೆ ಲೈಮ್‌ಹೌಸಿನ ವೆಸ್ಟ್ ಇಂಡಿಯಾ ಡಾಕ್ ರಸ್ತೆಯಲ್ಲಿ ಕಟ್ಟಡ ಶುರುವಾಯಿತು. ಹೆಸರು ಸ್ವಲ್ಪ ಉದ್ದ - ಏಷ್ಯಾ, ಆಫ್ರಿಕ ಮತ್ತು ದಕ್ಷಿಣ ಸಮುದ್ರದ ದ್ವೀಪಗಳವರಿಗಾಗಿ ಪರದೇಶಿಗಳ ಮನೆ. ಜನ ಚುಟುಕಾಗಿ 'ಸ್ಟ್ರೇಂಜರ್ಸ್ ಹೋಮ್' ಅನ್ನುತ್ತಿದ್ದರು.

ಆ ತಾರೀಖನ್ನು ಸ್ವಲ್ಪ ಗಮನಿಸಿ. ೧೮೫೭ರ ಜೂನ್ ೩. ಮೇ ೧೦ಕ್ಕೆ ಮೀರತ್ತಿನಲ್ಲಿ ಸಿಪಾಯಿಗಳು ತಿರುಗಿಬಿದ್ದು ಮೂರು ವಾರ ಆಗಿತ್ತು, ದೆಹಲಿ ಅವರ ಕೈಗೆ ಬಂದಿತ್ತು. ಸುದ್ದಿ ಲಂಡನ್ ಮುಟ್ಟಿದ್ದು ಜೂನ್ ಕೊನೆಗೆ. ಅಂದರೆ ಹಿಂದೂಸ್ತಾನದ ಬಡವರಿಗೆ ಆಸರೆ ಕೊಡುತ್ತಿದ್ದೇವೆ ಅಂತ ಅಲ್ಲಿ ಭಾಷಣ ಮಾಡುತ್ತಿದ್ದವರಿಗೆ ಹಿಂದೂಸ್ತಾನದಲ್ಲಿ ಏನಾಗಿದೆ ಅಂತ ಇನ್ನೂ ಗೊತ್ತೇ ಇರಲಿಲ್ಲ!

ಈ ಮನೆ ಪುಕ್ಕಟೆ ಛತ್ರ ಆಗಿರಲಿಲ್ಲ. ಕೈಯಲ್ಲಿ ಕಾಸಿದ್ದವನು ವಾರಕ್ಕಿಷ್ಟು ಅಂತ ಕೊಟ್ಟು ಇರಬೇಕು. ಏನೂ ಇಲ್ಲದವರನ್ನೂ ಸೇರಿಸಿಕೊಳ್ಳುತ್ತಿದ್ದರು. ಅದಕ್ಕೆ ಮುಂದೆ ಸರ್ಕಾರದ ಇಂಡಿಯಾ ಆಫೀಸೂ ನೆರವು ಕೊಟ್ಟಿತು. ದುಡ್ಡು, ಬೆಲೆಬಾಳುವ ಸಾಮಾನನ್ನು ಜೋಪಾನವಾಗಿ ಇಟ್ಟುಕೊಡುವ ವ್ಯವಸ್ಥೆ ಇತ್ತು. ಎಲ್ಲಕ್ಕಿಂತ ಮುಖ್ಯ, ಊರಿಗೆ ಹೋಗುವ ಹಡಗಿನಲ್ಲಿ ಕೆಲಸ ಹುಡುಕಿಕೊಡುತ್ತಿದ್ದರು. ಇದರಿಂದ ಹಡಗು ಕಂಪನಿಗಳಿಗೂ ಅನುಕೂಲ, ಬೀದಿಯಲ್ಲಿ ಪರದೇಶಿ ಭಿಕ್ಷುಕರು ಕಡಿಮೆಯಾದರೆ ಸರ್ಕಾರಕ್ಕೂ ನೆಮ್ಮದಿ. ದಾನದ ಜೊತೆಗೆ ಲಾಭದ ಲೆಕ್ಕವೂ ಇತ್ತು ಅನ್ನೋದನ್ನು ಮರೆಯಬಾರದು. ಜೊತೆಗೆ ಇಲ್ಲೊಬ್ಬ ಮಿಷನರಿ. ಅವನೇ ಸಾಲ್ಟರ್.

ಸಾಲ್ಟರನಿಗೆ ಸಂಬಳ ಕೊಡುತ್ತಿದ್ದದ್ದು ಲಂಡನ್ ಸಿಟಿ ಮಿಷನ್. ೧೮೩೫ರಲ್ಲಿ ಡೇವಿಡ್ ನಾಸ್ಮಿತ್ ಅನ್ನುವ ಸ್ಕಾಟಿಷ್ ಮನುಷ್ಯ ಶುರು ಮಾಡಿದ ಸಂಸ್ಥೆ. ಯಾವ ಒಂದು ಚರ್ಚಿಗೂ ಸೇರಿದ್ದಲ್ಲ. ಇದರ ಕೆಲಸಗಾರರು ಪಾದ್ರಿಗಳಲ್ಲ, ಸಾಮಾನ್ಯ ಜನ. ಸಂಬಳಕ್ಕೆ ಇದ್ದು ಬಡವರ ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳುವವರು. ಸಂಬಳ ಬರುತ್ತಿದ್ದದ್ದು ಚಂದಾದಾರರಿಂದ. ಯಾರೋ ಒಬ್ಬ ಅಂಗಡಿಯವ, ಒಬ್ಬ ವಿಧವೆ, ಒಬ್ಬ ಬ್ಯಾಂಕಿನ ಮಾಲೀಕ, ಹೀಗೆ ವರ್ಷಕ್ಕಿಷ್ಟು ಅಂತ ಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಪ್ರತಿಯೊಬ್ಬ ಮಿಷನರಿಯೂ ದಿನಚರಿ ಬರೆಯಬೇಕು. ಎಷ್ಟು ಮನೆಗೆ ಹೋದೆ, ಯಾರ ಹತ್ತಿರ ಮಾತಾಡಿದೆ, ಅವರು ಏನಂದರು, ಯಾರ ಮನಸ್ಸು ಬದಲಾಯಿತು. ಅದರಲ್ಲಿ ಚೆನ್ನಾಗಿರುವುದನ್ನು ಆರಿಸಿ ಸಂಸ್ಥೆಯ ಮಾಸಪತ್ರಿಕೆಯಲ್ಲಿ ಅಚ್ಚು ಹಾಕುತ್ತಿದ್ದರು. ಓದಿದ ಚಂದಾದಾರ ಮುಂದಿನ ವರ್ಷವೂ ಹಣ ಕಳಿಸುತ್ತಾನೆ. ಪ್ರಾಜೆಕ್ಟ್ ಸ್ಟೇಟಸ್ ರಿಪೋರ್ಟು ಬರೆದು ಅಭ್ಯಾಸ ಇರುವ ನಮ್ಮಂಥವರಿಗೆ ಈ ಪದ್ಧತಿ ಬೇಗ ಅರ್ಥವಾಗುತ್ತೆ.

ಇನ್ನೊಂದು ನಿಯಮವೂ ಇತ್ತು. ಮಿಷನರಿ ಕೈಯಿಂದ ದುಡ್ಡು, ಕಾಳು ಕೊಡಬಾರದು. ಹೊಟ್ಟೆಗಾಗಿ ಧರ್ಮ ಬದಲಿಸಿದರು ಅನ್ನುವ ಮಾತು ಬರಬಾರದು ಅಂತ. ಕಾಗದದ ಮೇಲೆ ಒಳ್ಳೇ ನಿಯಮವೇ. ಆದರೆ ಮೂರು ದಿನದಿಂದ ಊಟ ಇಲ್ಲದ ಲಸ್ಕರನ ಮುಂದೆ ಪುಸ್ತಕ ಹಿಡಿದು ನಿಂತವನಿಗೆ ಅದರ ಕಷ್ಟ ಗೊತ್ತಾಗಿರಬೇಕು.

ಸಾಲ್ಟರ್ ಈ ಕೆಲಸಕ್ಕೆ ಬಿದ್ದದ್ದು ೧೮೫೦ರ ದಶಕದ ಮೊದಲ ಭಾಗದಲ್ಲಿ. ಪಿಂಚಣಿ ವ್ಯಾಜ್ಯಕ್ಕೆ ಅಂತ ಸೂರತ್ತಿನ ನವಾಬನ ಅಳಿಯ ಮೀರ್ ಜಾಫರ್ ಅಲಿ ಆಗ ಲಂಡನ್ನಿಗೆ ಬಂದಿದ್ದ. ಜೊತೆಗೆ ಆಳುಕಾಳು, ಅಡುಗೆಯವರು. ಆ ಪರಿವಾರದ ನಡುವೆಯೇ ಸಾಲ್ಟರನ ಹಿಂದೂಸ್ತಾನಿ ಪಾಠ ಶುರುವಾದದ್ದು. ಅಂದರೆ ಯಾರಿಗೆ ಬೋಧಿಸಬೇಕು ಅಂತ ಅವನನ್ನು ಕಳಿಸಿದ್ದರೋ ಅವರೇ ಅವನಿಗೆ ಮೇಷ್ಟ್ರುಗಳಾದರು. ಆಮೇಲೆ ಔಧ್ ರಾಜ್ಯವನ್ನು ಕಂಪನಿ ನುಂಗಿದಾಗ ನ್ಯಾಯ ಕೇಳಲು ೧೮೫೬ರಲ್ಲಿ ವಾಜಿದ್ ಅಲಿ ಶಾಹನ ತಾಯಿ ಮಲಿಕಾ ಕಿಶ್ವರ್ ನೂರಕ್ಕೂ ಹೆಚ್ಚು ಜನರ ಪರಿವಾರದೊಂದಿಗೆ ಇಂಗ್ಲೆಂಡಿಗೆ ಬಂದಳು. ಆ ಪರಿವಾರದ ಬಳಿಗೂ ಸಾಲ್ಟರ್ ಹೋಗುತ್ತಿದ್ದ. ಪಾಪ, ಆಕೆಗೆ ನ್ಯಾಯವೂ ಸಿಗಲಿಲ್ಲ, ಊರೂ ಸಿಗಲಿಲ್ಲ. ೧೮೫೮ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಳು. ಗೋರಿ ಅಲ್ಲೇ ಇದೆ.

ಇದೇ ಕಾಲದಲ್ಲಿ ಮುಸ್ಲಿಮರ ನಡುವೆ ಕ್ರೈಸ್ತರು ಕೆಲಸ ಮಾಡುತ್ತಿದ್ದ ಇನ್ನೊಂದು ರೀತಿಯೂ ಇತ್ತು. ೧೮೫೪ರ ಏಪ್ರಿಲ್‌ನಲ್ಲಿ ಆಗ್ರಾದಲ್ಲಿ ದೊಡ್ಡ ವಾದ ನಡೆಯಿತು. ಒಂದು ಕಡೆ ಕಾರ್ಲ್ ಗಾಟ್‌ಲೀಬ್ ಫಾಂಡರ್, ಇನ್ನೊಂದು ಕಡೆ ಮೌಲಾನಾ ರಹಮತುಲ್ಲಾ ಕೈರಾನವಿ. ಫಾಂಡರ್ ಕಲಿತದ್ದು ಬಾಸೆಲ್ ಮಿಷನ್ನಿನಲ್ಲಿ. ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದವರೂ ಅದೇ ಬಾಸೆಲ್ ಮಿಷನ್ನಿನವರು. ಆಗ್ರಾಕ್ಕೆ ಬರುವ ಹೊತ್ತಿಗೆ ಫಾಂಡರ್ ಇದೇ ಹೆನ್ರಿ ವೆನ್ನರ ಸೊಸೈಟಿಗೆ ಸೇರಿದ್ದ. ಎರಡು ದಿನದ ವಾದದಲ್ಲಿ ಮೌಲಾನಾ ಯುರೋಪಿನ ಪಂಡಿತರೇ ಬೈಬಲ್ಲಿನ ಬಗ್ಗೆ ಎತ್ತಿದ್ದ ಪ್ರಶ್ನೆಗಳನ್ನು ಮುಂದಿಟ್ಟು ಫಾಂಡರನನ್ನು ಇಕ್ಕಟ್ಟಿಗೆ ಸಿಕ್ಕಿಸಿದರು. ೧೮೫೭ರ ನಂತರ ಮೌಲಾನಾ ಮೆಕ್ಕಾಗೆ ಹೋಗಿ ಅಲ್ಲಿ ಮದರಸಾ ಕಟ್ಟಿದರು. ಆ ವಾದದ ನೆನಪು ಎರಡೂ ಕಡೆ ಇವತ್ತಿಗೂ ಇದೆ. ಯಾರು ಗೆದ್ದರು ಅನ್ನುವುದು ಯಾರು ಹೇಳುತ್ತಿದ್ದಾರೆ ಅನ್ನುವುದರ ಮೇಲಿದೆ.

ಲೈಮ್‌ಹೌಸಿನಲ್ಲಿ ಅಂಥ ವೇದಿಕೆ ಇರಲಿಲ್ಲ. ಅಲ್ಲಿದ್ದದ್ದು ಬೆಂಚು, ಆಸ್ಪತ್ರೆಯ ಮಂಚ, ಪೊಲೀಸ್ ಕೋರ್ಟಿನ ಕಟಕಟೆ. ಲಸ್ಕರನೊಬ್ಬ ಜಗಳದಲ್ಲಿ ಸಿಕ್ಕಿಬಿದ್ದರೆ ಅವನ ಮಾತು ನ್ಯಾಯಾಧೀಶನಿಗೆ ಅರ್ಥವಾಗಬೇಕಲ್ಲ? ಸಾಲ್ಟರನನ್ನು ಕರೆಯುತ್ತಿದ್ದರು. ಯಾರೋ ಆಸ್ಪತ್ರೆಯಲ್ಲಿ ಸಾಯುತ್ತಾ ಬಿದ್ದಿದ್ದರೆ ಅವನ ಭಾಷೆಯಲ್ಲಿ ಎರಡು ಮಾತಾಡಲು ಸಾಲ್ಟರ್ ಹೋಗುತ್ತಿದ್ದ. ಸಂಬಳ ಸಿಗದವನು, ಒಡೆಯ ಬಿಟ್ಟುಹೋದ ಆಯಾ, ದಾರಿ ತಪ್ಪಿದ ಆಳು, ಎಲ್ಲರಿಗೂ ಗೊತ್ತಿದ್ದ ಹೆಸರು ಅದು. ಅಷ್ಟೇ ಅಲ್ಲ, ಬೇರೆ ಬಂದರು ಪಟ್ಟಣಗಳಿಗೂ ಅಲೆದು ಅಲ್ಲಿದ್ದ ಏಷ್ಯಾದವರನ್ನು ಹುಡುಕಿ ಮಾತಾಡಿಸಿದ.

ಈಗ ಲೆಕ್ಕಕ್ಕೆ ಬರೋಣ. ಇಷ್ಟು ವರ್ಷದ ಕೆಲಸದಿಂದ ಕ್ರೈಸ್ತರಾದವರು ಎಷ್ಟು? ಬೆರಳೆಣಿಕೆ. ಚಂದಾದಾರರ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಸೋಲು. ಲಸ್ಕರರು ಅವನ ಮಾತು ಕೇಳುತ್ತಿದ್ದರು, ವಾದ ಮಾಡುತ್ತಿದ್ದರು, ಕೊಟ್ಟ ಪುಸ್ತಕ ತೆಗೆದುಕೊಳ್ಳುತ್ತಿದ್ದರು, ಹಡಗು ಸಿಕ್ಕ ಕೂಡಲೇ ಸಲಾಂ ಹೇಳಿ ಹೊರಟುಬಿಡುತ್ತಿದ್ದರು. ಅಷ್ಟೇಕೆ, ದೇಣಿಗೆ ಕೊಟ್ಟಿದ್ದ ದುಲೀಪ್ ಸಿಂಗನ ಕಥೆಯೇ ನೋಡಿ. ರಾಜ್ಯ ಕಳೆದುಕೊಂಡು ೧೮೫೩ರಲ್ಲಿ ಕ್ರೈಸ್ತನಾಗಿದ್ದ ಆ ಹುಡುಗ ೧೮೮೬ರಲ್ಲಿ ಏಡನ್ನಿನಲ್ಲಿ ಮತ್ತೆ ಸಿಖ್ಖನಾದ.

ಆದರೂ ನನಗೆ ಒಂದು ಪ್ರಶ್ನೆ ಕಾಡುತ್ತೆ. ಚಳಿಯಲ್ಲಿ ನಡುಗುತ್ತಾ ಬಂದವನಿಗೆ ಹಾಸಿಗೆ ಕೊಟ್ಟು ಪಕ್ಕದಲ್ಲಿ ಕೂತು ನಿನ್ನ ಧರ್ಮ ಸರಿಯಿಲ್ಲ ಅಂತ ಹೇಳೋದು ನ್ಯಾಯವೇ? ಕೇಳಲು ಇಷ್ಟವಿಲ್ಲ ಅಂತ ಎದ್ದುಹೋಗುವ ಸ್ವಾತಂತ್ರ್ಯ ಅವನಿಗೆ ನಿಜಕ್ಕೂ ಇತ್ತೇ? ಹೊರಗೆ ಹಿಮ ಬೀಳುತ್ತಿರುವಾಗ ಆ ಸ್ವಾತಂತ್ರ್ಯಕ್ಕೆ ಬೆಲೆ ಎಷ್ಟು? ಇದನ್ನು ಸೇವೆ ಅಂತಷ್ಟೇ ಕರೆದು ಮುಂದೆ ಹೋಗೋದು ನನ್ನಿಂದ ಆಗೋದಿಲ್ಲ. ಸಾಲ್ಟರನ ಬರಹದಲ್ಲಿ ಲಸ್ಕರರ ಬಗ್ಗೆ ಕನಿಕರ ಇದೆ, ಅದರ ಪಕ್ಕದಲ್ಲೇ ಅವರ ನಂಬಿಕೆಯ ಬಗ್ಗೆ ತಾತ್ಸಾರವೂ ಇದೆ. ಆ ಕಾಲದ ಗೋರಾ ದೊಡ್ಡಸ್ತಿಕೆ ಸಾಲುಸಾಲಿನಲ್ಲಿ ಇಣುಕುತ್ತೆ.

ಹಾಗಂತ ಅವನನ್ನು ಬರೀ ವೇಷಧಾರಿ ಅನ್ನೋದಕ್ಕೂ ಮನಸ್ಸು ಬರೋದಿಲ್ಲ. ಮತಾಂತರವೊಂದೇ ಗುರಿಯಾಗಿದ್ದರೆ, ಫಲ ಸಿಗದ ಹೊಲವನ್ನು ಯಾರೂ ದಶಕಗಟ್ಟಲೆ ಉಳೋದಿಲ್ಲ. ಚಂದಾದಾರರು ಆತ್ಮಗಳ ಲೆಕ್ಕ ಕೇಳಿದರು. ಲಸ್ಕರರು ಹಾಸಿಗೆ, ಹಡಗು ಮತ್ತು ತಮ್ಮ ಮಾತು ಬಲ್ಲ ಒಬ್ಬ ಮನುಷ್ಯನನ್ನು ಕೇಳಿದರು. ಸಾಲ್ಟರ್ ಮೊದಲನೆಯವರಿಗೆ ರಿಪೋರ್ಟು ಬರೆದ, ಎರಡನೆಯವರ ಕೆಲಸ ಮಾಡಿದ. ಕೊನೆಗೆ ಉಳಿದದ್ದು ಆ ಎರಡನೇ ಕೆಲಸವೇ.

ಇನ್ನೊಂದು ಉಳಿಯಿತು. ೧೮೭೩ರಲ್ಲಿ ಸಾಲ್ಟರ್ 'ದಿ ಏಷಿಯಾಟಿಕ್ ಇನ್ ಇಂಗ್ಲೆಂಡ್' ಅನ್ನುವ ಪುಸ್ತಕ ತಂದ, ೧೮೯೬ರಲ್ಲಿ 'ದಿ ಈಸ್ಟ್ ಇನ್ ದಿ ವೆಸ್ಟ್'. ಬರೆದದ್ದು ದಾನಿಗಳಿಗಾಗಿ. ಆದರೆ ಅದರೊಳಗೆ ಓಣಿಗಳಿವೆ, ಅಫೀಮಿನ ಕೋಣೆಗಳಿವೆ, ಬೀದಿಯಲ್ಲಿ ಸಾಮಾನು ಮಾರುವವರಿದ್ದಾರೆ. ಲಸ್ಕರರ ಜೊತೆ ಬಾಳಿ ಹಿಂದೂಸ್ತಾನಿ ಮಾತಾಡಲು ಕಲಿತ ಬಡ ಇಂಗ್ಲಿಷ್ ಹೆಂಗಸರಿದ್ದಾರೆ. 'ಲಸ್ಕರ್ ಸ್ಯಾಲಿ', 'ಕಲ್ಕತ್ತಾ ಲೂಯಿಸಾ' ಅಂತ ಅವರ ಅಡ್ಡಹೆಸರು. ರಾಜರು, ನವಾಬರು ತಾವಾಗಿ ಬರೆದಿಟ್ಟು ಹೋದರು. ಓದು ಬರಹ ಬಾರದ ಲಸ್ಕರ ಏನು ಬರೆದಾನು? ರೋಜಿನಾ ವಿಸ್ರಾಂ ೧೯೮೬ರಲ್ಲಿ ಆಯಾಗಳು, ಲಸ್ಕರರು, ರಾಜಕುಮಾರರ ಇತಿಹಾಸ ಬರೆಯುವಾಗ ಸಾಲ್ಟರನ ಪುಟಗಳ ಕಡೆ ತಿರುಗಬೇಕಾಯಿತು. ಒಂದು ಕಾರಣಕ್ಕೆ ಬರೆದ ಲಾಗ್ ಫೈಲು ಬೇರೆ ಯಾವುದೋ ಕಾರಣಕ್ಕೆ ಉಪಯೋಗಕ್ಕೆ ಬಂದ ಹಾಗೆ.

ಕನ್ನಡದವರಿಗೆ ಇದು ಹೊಸದೇನಲ್ಲ. ಮೋಗ್ಲಿಂಗ್ ೧೮೪೩ರಲ್ಲಿ 'ಮಂಗಳೂರ ಸಮಾಚಾರ' ತಂದದ್ದೂ, ಕಿಟೆಲ್ ನಿಘಂಟು ಮಾಡಿ ೧೮೯೪ರಲ್ಲಿ ಅಚ್ಚಾದದ್ದೂ ಮಿಷನ್ನಿನ ಮೂಲಕವೇ. ಅವರನ್ನು ಕಳಿಸಿದವರ ಉದ್ದೇಶ ಬೇರೆ ಇತ್ತು. ನಾವು ಆ ಉದ್ದೇಶವನ್ನು ಒಪ್ಪದೆಯೂ ನಿಘಂಟನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ.

ಮುಂದಿನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ೧೯೦೦ರಲ್ಲಿ ಇದೇ ಸಿಟಿ ಮಿಷನ್ ಲಂಡನ್ನಿನಲ್ಲಿ ಕೈಬಿಟ್ಟ ಆಯಾಗಳಿಗಾಗಿ ಇದ್ದ ಮನೆಯನ್ನು ವಹಿಸಿಕೊಂಡು ಹ್ಯಾಕ್ನಿಯಲ್ಲಿ ನಡೆಸಿತು. ಆ ಕಟ್ಟಡಕ್ಕೆ ೨೦೨೨ರಲ್ಲಿ ನೀಲಿ ಫಲಕ ಹಾಕಿದ್ದಾರೆ. ಸ್ಟ್ರೇಂಜರ್ಸ್ ಹೋಮ್ ೧೯೩೭ರಲ್ಲಿ ಮುಚ್ಚಿತು. ಆ ಹೊತ್ತಿಗೆ ಲಸ್ಕರರು ತಮ್ಮ ಆಸರೆಯನ್ನು ತಾವೇ ಕಟ್ಟಿಕೊಳ್ಳತೊಡಗಿದ್ದರು. ಹಡಗು ಬಿಟ್ಟು ಲಂಡನ್ನಿನಲ್ಲೇ ನಿಂತ ಅಯೂಬ್ ಅಲಿ ಮಾಸ್ಟರ್ ಅನ್ನುವ ಸಿಲ್ಹೆಟಿ ತನ್ನ ಮನೆಯಲ್ಲೇ ಊರಿನವರಿಗೆ ಜಾಗ ಕೊಡುತ್ತಿದ್ದರು, ಫಾರಂ ತುಂಬಿಕೊಡುತ್ತಿದ್ದರು, ಕಾಗದ ಬರೆದುಕೊಡುತ್ತಿದ್ದರು. ೧೯೪೩ರಲ್ಲಿ ಶಾ ಅಬ್ದುಲ್ ಮಜೀದ್ ಖುರೇಷಿಯವರ ಜೊತೆ ಸೇರಿ ನಾವಿಕರ ಕ್ಷೇಮಾಭಿವೃದ್ಧಿ ಸಂಘ ಕಟ್ಟಿದರು. ಸಾಲ್ಟರ್ ಮಾಡುತ್ತಿದ್ದ ಕೆಲಸವೇ. ಆದರೆ ಈ ಹಾಸಿಗೆಯ ಪಕ್ಕದಲ್ಲಿ ಬೋಧನೆ ಇರಲಿಲ್ಲ. ನನ್ನ ಅನುಮಾನಕ್ಕೆ ಇತಿಹಾಸ ತಾನೇ ಕೊಟ್ಟ ಉತ್ತರ ಇದು ಅನ್ನಿಸುತ್ತೆ.

ಅದೇ ಪೂರ್ವ ಲಂಡನ್ನಿನ ಬ್ರಿಕ್ ಲೇನ್ ರಸ್ತೆಯಲ್ಲಿ ಒಂದು ಕಟ್ಟಡ ಇದೆ. ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು ೧೭೪೩ರಲ್ಲಿ ಚರ್ಚಾಗಿ ಕಟ್ಟಿದ್ದು. ೧೮೦೯ರಲ್ಲಿ ಯಹೂದಿಗಳನ್ನು ಕ್ರೈಸ್ತರನ್ನಾಗಿ ಮಾಡಲು ಹೊರಟ ಸೊಸೈಟಿಯೊಂದು ಅದನ್ನು ಹಿಡಿಯಿತು. ಹತ್ತು ವರ್ಷದ ಮೇಲೆ ಮೆಥಡಿಸ್ಟರ ಕೈಗೆ ಹೋಯಿತು. ೧೮೯೮ರಲ್ಲಿ ಯಹೂದಿಗಳದ್ದೇ ಸಿನಗಾಗ್ ಆಯಿತು! ೧೯೭೬ರಿಂದ ಮಸೀದಿ. ಅಲ್ಲಿ ನಮಾಜಿಗೆ ಬರುವವರಲ್ಲಿ ಬಹಳಷ್ಟು ಮಂದಿ ಸಿಲ್ಹೆಟ್ ಮೂಲದವರು, ಲಸ್ಕರರು ತುಳಿದ ಹಾದಿ ಹಿಡಿದು ಬಂದವರು.

ನಮ್ಮ ಕರಾವಳಿಯಲ್ಲಿ ಗಲ್ಫಿಗೆ ಹೋದವರಿಲ್ಲದ ಊರಿಲ್ಲ. ಯಾವುದೋ ಆಸ್ಪತ್ರೆಯಲ್ಲಿ, ಯಾವುದೋ ಪೊಲೀಸ್ ಠಾಣೆಯಲ್ಲಿ ಮಾತು ಬಾರದೆ ಕೂತವನಿಗೆ ತನ್ನ ಭಾಷೆ ಬಲ್ಲ ಒಬ್ಬ ಸಿಕ್ಕರೆ ಎಷ್ಟು ಧೈರ್ಯ ಬರುತ್ತೆ ಅಂತ ಅವರನ್ನು ಕೇಳಿ. ಬಂದವನು ಯಾವ ಧರ್ಮದವನು, ಅವನಿಗೆ ಸಂಬಳ ಕೊಟ್ಟವರು ಯಾರು ಅಂತ ಆ ಹೊತ್ತಿಗೆ ಯಾರೂ ಕೇಳೋದಿಲ್ಲ. ಆಮೇಲೆ ಕೇಳಬೇಕು, ಕೇಳಲೇಬೇಕು. ಆದರೆ ಹಾಗೆ ಕೇಳುವಾಗ ಅವನು ಬಂದಿದ್ದ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ನನ್ನ ಅನಿಸಿಕೆ. ನಿಮಗೇನನ್ನಿಸುತ್ತೆ?